ಹನ್ನೊಂದು ಹೋಳಿಗೆಯ ಪ್ರಯೋಗ

ಹನ್ನೊಂದು ಹೋಳಿಗೆ ತಿಂದ ಪ್ರೊಫೆಸರ್ ಹೇಗಿರುತ್ತಾರೆ ಗೊತ್ತಾ? ನಾನು ನೋಡಿದ್ದೇನೆ. ಬಸ್ ಹತ್ತಲು ಅವರಿಗೆ ಇಬ್ಬರು ಬೇಕಾದರು. ಒಬ್ಬ ಮೇಲಿನಿಂದ ಎಳೆಯಲು, ಇನ್ನೊಬ್ಬ ಕೆಳಗಿನಿಂದ ನೂಕಲು. ನೂಕಿದವನು ನಾನೇ. ಹಾಗಾಗಿ ಈ ಸುದ್ದಿಗೆ ಬೇರೆ ಸಾಕ್ಷಿ ಬೇಡ.

ಮೊದಲಿನಿಂದ ಹೇಳುತ್ತೇನೆ. ಆ ಪ್ರೊಫೆಸರ್ ಮುರಳೀಧರ ಅಂತ, ನನಗೆ ಪರಿಚಯದವರು, ಮೈಸೂರಿನವರು. ಸೋಷಿಯಲ್ ಸೈಕಾಲಜಿಸ್ಟ್. ನಾಲ್ಕು ಜನ ಸೇರಿದ ಕಡೆ ಲೀಡರ್ ಯಾರಾಗುತ್ತಾನೆ, ಉಳಿದವರು ಅವನು ಹೇಳಿದಂತೆ ಯಾಕೆ ಕೇಳುತ್ತಾರೆ ಅನ್ನೋದೇ ಅವರ ಅಧ್ಯಯನ. (ಇದಕ್ಕೂ ಸಂಬಳ ಕೊಡುತ್ತಾರಾ ಅಂತ ನನ್ನ ಹೆಂಡತಿ ಕೇಳಿದಳು. ಕೊಡುತ್ತಾರಂತೆ.)

ಹೋದ ತಿಂಗಳು ನಮ್ಮ ಕಡೆ ಬಂದರು. ಮೊದಲು ಅಫಜಲಪುರ. ಅಲ್ಲಿ ಚಹಾದಂಗಡಿ ಮುಂದೆ ಕೂತಿದ್ದ ಎಂಟು ಜನರಿಗೆ ನಿಮ್ಮಲ್ಲಿ ಲೀಡರ್ ಯಾರು ಅಂತ ಕೇಳಿದರೆ ಎಂಟೂ ಜನ ಕೈ ಎತ್ತಿದರಂತೆ. ಜೇವರ್ಗಿಯಲ್ಲಿ ಅದೇ ಪ್ರಶ್ನೆ ಕೇಳಿದರೆ ಪ್ರತಿಯೊಬ್ಬನೂ ಪಕ್ಕದವನನ್ನು ತೋರಿಸಿದನಂತೆ, ಏನೋ ಪೊಲೀಸ್ ಕೇಸ್ ಇರಬೇಕು ಅಂದುಕೊಂಡು. ಸಾಕಾಗಿ ಆಳಂದಕ್ಕೆ, ನಮ್ಮ ಮನೆಗೆ ಬಂದರು. ಜನರನ್ನು ಕೇಳಿದರೆ ಉಪಯೋಗವಿಲ್ಲ ಕಣ್ರೀ, ಸುಮ್ಮನೆ ಕೂತು ನೋಡಬೇಕು ಅಂದರು.

ಮರುದಿನವೇ ನಿಂಬರ್ಗಾದಲ್ಲಿ ನನ್ನ ದೊಡ್ಡಪ್ಪನ ಮಗ ಶರಣಪ್ಪನ ಹೊಸ ಮನೆಯ ಗೃಹಪ್ರವೇಶ ಇತ್ತು. ಪಂಗತಿ ಊಟ. ಆ ಮಾತು ಕೇಳಿದ್ದೇ ಪ್ರೊಫೆಸರ್ ಎದ್ದು ಕೂತರು. ಮೂವತ್ತು ಗಂಡಸರು ಸಾಲಾಗಿ ಕೂತಿರುತ್ತಾರೆ. ಮೊದಲು ತುತ್ತು ಎತ್ತುವವನು ಯಾರು? ಉಂಡು ಮೊದಲು ಏಳುವವನು ಯಾರು? ಅವನೇ ಆ ಗುಂಪಿನ ಸಹಜ ನಾಯಕ ಅನ್ನೋದು ಅವರ ಥಿಯರಿ.

ನನಗೆ ಒಂದೇ ಷರತ್ತು. ನಾನು ಅಲ್ಲಿ ಯಾರಿಗೂ ಏನೂ ಹೇಳಬಾರದು. ಅಲ್ಲಿನ ರೀತಿ ರಿವಾಜು ಏನೆಂದು ಅವರಿಗೂ ಹೇಳಬಾರದು. ಬಾಯಿ ಬಿಟ್ಟರೆ ಪ್ರಯೋಗ ಕೆಡುತ್ತದೆ. ಹಾಗಂತ ಒಂದು ಕಾಗದದ ಮೇಲೆ ನನ್ನ ಸಹಿಯನ್ನೂ ಹಾಕಿಸಿಕೊಂಡರು. ಪೂರ್ತಿ ಓದದೆ ಹಾಕಿದೆ. ಓದಿ ಸಹಿ ಹಾಕುವವರು ಯಾರಿದ್ದಾರೆ ಹೇಳಿ?

ನಾವು ಹೋದಾಗ ಮಹಾದೇವಿ ವೈನಿ, ಅಂದರೆ ಶರಣಪ್ಪನ ಹೆಂಡತಿ, ಒಲೆಯ ಮುಂದೆ ಇದ್ದರು. ನಸುಕಿನಿಂದ ಹೋಳಿಗೆ ಲಟ್ಟಿಸಿ ಲಟ್ಟಿಸಿ ರಟ್ಟೆ ಬಿದ್ದುಹೋಗಿತ್ತು. ಪಕ್ಕದಲ್ಲಿ, ಹೋಳಿಗೆಯ ಬೇಳೆ ಬಸಿದ ನೀರಿನಲ್ಲಿ ಮಾಡುವ ಕಟ್ಟಿನ ಸಾರು ಕುದಿಯುತ್ತಿತ್ತು. ಪೂಜೆ ಇದೆಯೆಂದು ಒಂದು ಕಪ್ ಚಹಾ ಬಿಟ್ಟರೆ ಬಾಯಿಗೆ ಏನೂ ಹಾಕಿಕೊಂಡಿರಲಿಲ್ಲ. ವೈನಿಗೆ ಹೋಳಿಗೆ ಅಂದರೆ ಪ್ರಾಣ. ದೊಡ್ಡ ಬುಟ್ಟಿ ತೋರಿಸಿ, ಗಂಡಸರ ಪಂಗತಿ ಆಗಿ ಹೆಂಗಸರಿಗೂ ತಲಾ ಎರಡು ಉಳಿಯುತ್ತವೆ ಅಂದರು. ಅವರ ಅಂದಾಜು ಎಂದೂ ತಪ್ಪಿದ್ದಿಲ್ಲ. ಆದರೆ ಆ ಅಂದಾಜಿನಲ್ಲಿ ಸೈಕಾಲಜಿ ಸೇರಿರಲಿಲ್ಲ.

ಮೈಸೂರಿನ ದೊಡ್ಡ ಸಾಹೇಬರು ಅಂತ ಶರಣಪ್ಪ ಪ್ರೊಫೆಸರನ್ನು ಮೊದಲನೇ ಎಲೆಗೆ ಕೂರಿಸಿದ. ಪಕ್ಕಕ್ಕೆ ನಾನು. ಎದುರಿಗೆ ಊರಿಗೇ ಹಿರಿಯರಾದ ಬಸಣ್ಣ ಮುತ್ಯಾ. ಹೋಳಿಗೆ ಬಿತ್ತು, ತುಪ್ಪ ಬಿತ್ತು. ಯಾರೂ ಕೈ ಹಚ್ಚಲಿಲ್ಲ.

ಹೇಗೆ ಹಚ್ಚುತ್ತಾರೆ? ದೊಡ್ಡ ಅತಿಥಿ ತುತ್ತು ಎತ್ತುವ ತನಕ ನಮ್ಮಲ್ಲಿ ಯಾರೂ ಎಲೆ ಮುಟ್ಟುವುದಿಲ್ಲ. ಅತಿಥಿ ಏಳುವ ತನಕ ಏಳುವುದೂ ಇಲ್ಲ. ಮೂವತ್ತು ಜನ ಪ್ರೊಫೆಸರನ್ನು ನೋಡುತ್ತಿದ್ದರು. ಪ್ರೊಫೆಸರ್ ಮೂವತ್ತು ಜನರನ್ನು ನೋಡುತ್ತಿದ್ದರು. ತುಪ್ಪ ಹೆಪ್ಪುಗಟ್ಟುತ್ತಿತ್ತು.

"ನೋಡಿದ್ರಾ, ಯಾರಲ್ಲೂ ಇನಿಷಿಯೇಟಿವ್ ಇಲ್ಲ" ಅಂತ ನನ್ನ ಕಿವಿಯಲ್ಲಿ ಉಸುರಿದರು. ನಾನು ಬಾಯಿ ತೆರೆದೆ. ಸಹಿ ನೆನಪಾಯಿತು. ಮುಚ್ಚಿದೆ.

ಕೊನೆಗೆ ಹಸಿವು ತಡೆಯದೆ, ಇಷ್ಟು ಯಾರಿಗೂ ಗೊತ್ತಾಗದು ಅಂದುಕೊಂಡು, ಒಂದು ಚಿಟಿಕೆ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ನಾಲಿಗೆಗೆ ಹಚ್ಚಿಕೊಂಡರು. ನಮ್ಮ ಕಡೆಯ ಖಾರ. ಸೀದಾ ನೆತ್ತಿಗೇರಿತು. ತಲೆ ಬಗ್ಗಿಸಿ ಕೆಮ್ಮಿ ಕೆಮ್ಮಿ ಮೇಲೆ ನೋಡುವಷ್ಟರಲ್ಲಿ ಮೂವತ್ತೂ ಜನ ಉಣ್ಣುತ್ತಿದ್ದರು. ಯಾರು ಶುರು ಮಾಡಿದ್ದು, ಯಾರು ಶುರು ಮಾಡಿದ್ದು ಅಂತ ಪಾಪ ಒದ್ದಾಡಿದರು. ಕಣ್ಣಲ್ಲಿ ನೀರು. (ಖಾರದ್ದೋ ದುಃಖದ್ದೋ ಗೊತ್ತಾಗಲಿಲ್ಲ.) ಇನ್ನು ಏಳುವುದನ್ನಾದರೂ ತಪ್ಪಿಸಿಕೊಳ್ಳಬಾರದು ಅಂತ ಅಲ್ಲೇ ಹಟ ಹಿಡಿದರು. ಯಾರಾದರೂ ಏಳುವ ತನಕ ತಾವು ಏಳುವುದಿಲ್ಲ!

ಶುರುವಾಯಿತು ನೋಡಿ.

ಸಾಹೇಬರು ಇನ್ನೂ ಕೂತಿದ್ದಾರೆ ಅಂದರೆ ಹೊಟ್ಟೆ ತುಂಬಿಲ್ಲ ಅಂತ ಶರಣಪ್ಪ ತಿಳಿದ. ಬುಟ್ಟಿ ಹಿಡಿದು ಬಂದು "ಒಂದ ಒಂದು ತಗೊಳ್ರಿ ಸಾಹೇಬ್ರ" ಅಂದ. ಖಾಲಿ ಎಲೆ ಮುಂದೆ ಕೂತರೆ ಜನಕ್ಕೆ ಅನುಮಾನ ಬಂದೀತು ಅಂತ ಸಾಹೇಬರು ಹಾಕಿಸಿಕೊಂಡರು. ಸಾಹೇಬರೇ ಉಣ್ಣುತ್ತಿರುವಾಗ ಉಳಿದವರು ಬೇಡ ಅನ್ನಲಿಕ್ಕಾಗುತ್ತದಾ? ಬುಟ್ಟಿ ಇಡೀ ಸಾಲು ತಿರುಗಿತು. ಮತ್ತೆ ಬಂತು. ಮತ್ತೆ ತಿರುಗಿತು.

ಒಬ್ಬ ಅಂಗಿಯ ಕೆಳಗಿನ ಗುಂಡಿ ಬಿಚ್ಚಿದ. ಇನ್ನೊಬ್ಬ ಹೋಳಿಗೆಯನ್ನು ಮೆಲ್ಲಗೆ ಟವೆಲ್ಲಿನ ಮಡಿಕೆಗೆ ಇಳಿಸಿದ. ಎರಡು ನಿಮಿಷದಲ್ಲಿ ಉಂಡು ಬರುತ್ತೇನೆ ಅಂತ ಟ್ರ್ಯಾಕ್ಟರ್ ಚಾಲೂ ಇಟ್ಟು ಬಂದವನೊಬ್ಬ, ಹೊರಗೆ ಡೀಸೆಲ್ ಉರಿಯುವ ಸದ್ದು ಕೇಳುತ್ತ ಆರನೆಯದನ್ನು ಅಗಿಯುತ್ತಿದ್ದ. ನನಗೋ ಶುಗರ್. ಡಾಕ್ಟರ್ ಅರ್ಧ ತಿನ್ನಿ ಅಂದಿದ್ದರು. ನಾಲ್ಕನೆಯದಕ್ಕೆ ನಾನು ಡಾಕ್ಟರರ ಹೆಸರನ್ನೇ ಮರೆತೆ.

ಅಡುಗೆಮನೆ ಬಾಗಿಲಲ್ಲಿ ವೈನಿ ಕಾಣುತ್ತಿದ್ದರು. ಅವರ ಹಿಂದೆ ಊಟಕ್ಕೆ ಕಾದ ಹತ್ತು ಹನ್ನೆರಡು ಹೆಂಗಸರು. ಶರಣಪ್ಪ ಬುಟ್ಟಿ ತುಂಬಿಕೊಳ್ಳಲು ಹೋದಾಗಲೆಲ್ಲ ವೈನಿಯ ಮುಖ ಸಣ್ಣದಾಗುತ್ತಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ನಾನು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಸಹಿ ಹಾಕಿದ್ದೇನಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಎಲೆಗೆ ಇನ್ನೊಂದು ಬಿತ್ತು.

ಪ್ರೊಫೆಸರ್ ಹನ್ನೊಂದನೆಯದನ್ನು ಮುಗಿಸಿ, ಗೋಡೆಗೆ ಒರಗಿ, ಉಸಿರು ಹುಡುಕುತ್ತಿದ್ದಾಗ ವೈನಿ ಹೊರಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಬಸಣ್ಣ ಮುತ್ಯಾನ ಮುಂದೆ ನಿಂತರು. ದನಿ ಏರಿಸಲಿಲ್ಲ.

"ಮುತ್ಯಾ, ಏಳ್ರಿ. ಹೆಣ್ಮಕ್ಕಳು ಉಣಬೇಕು."

ಮುತ್ಯಾಗೆ ಮೊಣಕಾಲು ನೋವು. ದಿನಾ ಎಬ್ಬಿಸಲು ಮನೆಯಲ್ಲಿ ಇಬ್ಬರು ಬೇಕು. ಆವತ್ತು ಒಬ್ಬರೇ ಎದ್ದು ನಿಂತರು. ಅತಿಥಿ, ರಿವಾಜು ಎಲ್ಲ ಮರೆತು ಅವರ ಹಿಂದೆಯೇ ಇಡೀ ಸಾಲು ಎದ್ದಿತು. ಟ್ರ್ಯಾಕ್ಟರಿನವನು ಕೈ ಕೂಡ ತೊಳೆಯದೆ ಓಡಿದ. ಪ್ರೊಫೆಸರ್ ಮುಖ ಅರಳಿತು. ಸಿಕ್ಕರು ಕಣ್ರೀ, ಸಿಕ್ಕರು ಅಂತ ನನ್ನ ತೊಡೆ ಹಿಸುಕಿದರು. ಎದ್ದು ನಿಲ್ಲಲು ಮಾತ್ರ ಅವರಿಂದ ಆಗಲಿಲ್ಲ.

ಹೋದ ವಾರ ಮೊಬೈಲಿಗೆ ಅವರ ವರದಿ ಬಂತು. ನಿಂಬರ್ಗಾದ ಗುಂಪಿನಲ್ಲಿ ಸಹಜ ನಾಯಕ: ಬಸಣ್ಣ, ವಯಸ್ಸು ಎಂಬತ್ತರ ಸುಮಾರು, ಗಂಡು. ಓದಿ ತಡೆಯದೆ ಫೋನ್ ಮಾಡಿದೆ. ಅವತ್ತು ಎಲ್ಲರೂ ನಿಮ್ಮನ್ನೇ ಕಾಯುತ್ತಿದ್ದರು ಸರ್, ಅಂತ ಎಲ್ಲ ಬಿಡಿಸಿ ಹೇಳಿದೆ. ಹಾಗಾದರೆ ಅದನ್ನು ಅಡಿಟಿಪ್ಪಣಿಯಲ್ಲಿ ಸೇರಿಸುತ್ತೇನೆ ಅಂದರು. ಮತ್ತೆ ಮುತ್ಯಾನನ್ನು ಎಬ್ಬಿಸಿದ ನಮ್ಮ ವೈನಿ? ಅಂತ ಕೇಳಿದೆ.

"ಅವರು ಪಂಗತಿಯಲ್ಲಿ ಕೂತಿರಲಿಲ್ಲವಲ್ಲ ಕಣ್ರೀ. ಗುಂಪಿನಲ್ಲಿ ಬರೋಲ್ಲ."

ಸಿಟ್ಟು ಬಂತು. ಈ ಅನ್ಯಾಯ ಹೇಳೋಣ ಅಂತ ವೈನಿಗೆ ಫೋನ್ ಹಚ್ಚಿದೆ. ಅವರು ನಕ್ಕರು. ವರದಿಯಲ್ಲಿ ಸಾಹೇಬರು ಎಷ್ಟು ಹೋಳಿಗೆ ತಿಂದರು ಅಂತ ಬರೆದಿದ್ದಾರಾ ಅಂತ ಕೇಳಿದರು. ಇಲ್ಲ ಅಂದೆ. ಆಗ ನನಗೆ ಆವತ್ತೇ ಕೇಳಬೇಕಿದ್ದ ಪ್ರಶ್ನೆ ನೆನಪಾಯಿತು. ನಿಮಗೆ ಎಷ್ಟು ಉಳಿದಿದ್ದವು ವೈನಿ?

"ಕಟ್ಟಿನ ಸಾರ ಭಾಳ ಚಲೋ ಆಗಿತ್ತು, ಬಿಡ್ರಿ."

ಅಂದ ಹಾಗೆ, ನಿಮ್ಮ ಮನೆಯಲ್ಲಿ ಹೋದ ಸಲ ಹೋಳಿಗೆ ಮಾಡಿದ ದಿನ, ಸಾರು ಚೆನ್ನಾಗಿತ್ತು ಅಂದವರು ಯಾರು?