ಕಿಟಕಿಗೆ ಹೇಳಿದ ಮಾತು

ಹುಣಸೂರಿನ ಬೈಕ್ ಶೋರೂಮಿನಲ್ಲಿ, ಮಾಲೀಕರು ತಪ್ಪು ಹೇಳಿದಾಗಲೂ ಹೌದೆನ್ನುವುದಕ್ಕೆ ನನಗೆ ಸಂಬಳ. ನನ್ನ ಚಿಕ್ಕಪ್ಪನ ಮಗಳು, ಹನಗೋಡಿನ ಪವಿತ್ರಾ, ವಿಮಾನದಲ್ಲಿ ಕೋ-ಪೈಲಟ್. ಕ್ಯಾಪ್ಟನ್ ತಪ್ಪಿದರೆ ಹೇಳುವುದಕ್ಕೆ ಅವಳಿಗೆ ಸಂಬಳ.

ನಮ್ಮ ಮನೆಯಲ್ಲಿ ದೊಡ್ಡವರ ತಪ್ಪನ್ನು ಮುಖಕ್ಕೆ ಹೇಳುವುದಿಲ್ಲ. ತಾತ ಗದ್ದೆಗೆ ನೀರು ಹೆಚ್ಚು ಬಿಟ್ಟರೆ ಅಜ್ಜಿ ಎಮ್ಮೆಯ ಕಡೆ ತಿರುಗಿ, "ಪೈರು ಕೊಳೀತದೆ ಕಣವ್ವ," ಅನ್ನುತ್ತಾರೆ. ತಾತ ಎದ್ದು ಹೋಗಿ ನೀರು ನಿಲ್ಲಿಸುತ್ತಾರೆ.

ಕಳೆದ ತಿಂಗಳು ಪವಿತ್ರಾಳ ವಿಮಾನ ಇಳಿಯಲು ಬರುತ್ತಿತ್ತು. ಐದು ಸಾವಿರ ಅಡಿಗಿಂತ ಕೆಳಗೆ ಇಳಿಯಬೇಡಿ ಎಂದು ನಿಲ್ದಾಣದ ಕಂಟ್ರೋಲಿನವರು ರೇಡಿಯೋದಲ್ಲಿ ಹೇಳಿದ್ದರು. ಕ್ಯಾಪ್ಟನ್ ಅದನ್ನೂ ದಾಟಿ ಇಳಿಸುತ್ತಿದ್ದರು, ಅಪ್ಪನ ವಯಸ್ಸಿನವರು. ಪವಿತ್ರಾ ಕಿಟಕಿಯ ಕಡೆ ತಿರುಗಿ, "ಐದು ಸಾವಿರ ಅಂದಂಗಿತ್ತು," ಎಂದಳು. ಭಾಷೆ ಇಂಗ್ಲಿಷು, ರೀತಿ ಹನಗೋಡಿನದು. ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಮಾನ ಇನ್ನೂ ಇಳಿಯಿತು. ಎದುರಿಗೆ ಗುಡ್ಡವಿತ್ತು.

"ಸರ್, ನೀವು ತಪ್ಪು ಮಾಡ್ತಿದ್ದೀರಿ. ಮೇಲಕ್ಕೆ ತಗೊಳ್ಳಿ," ಎಂದಳು, ಮುಖಕ್ಕೇ. ವಿಮಾನ ಮೇಲೆದ್ದಿತು.

ಇಳಿದ ಮೇಲೆ ಕ್ಯಾಪ್ಟನ್, "ಮೊದಲೇ ಹೇಳಬಾರದಿತ್ತಾ?" ಎಂದು ಕೇಳಿದರಂತೆ.

"ಹೇಳಿದ್ದೆ ಸರ್," ಎಂದಳಂತೆ.

ಊರಿಗೆ ಬಂದವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಗುಡ್ಡ ನೆನಪಾಗುತ್ತದೆಯಾ ಎಂದು ಕೇಳಿದೆ.

"ಗುಡ್ಡ ಅತ್ಲಾಗಿರ್ಲಿ ಬುಡೋ. ಅಷ್ಟು ದೊಡ್ಡೋರ್ಗೆ ಮುಖಕ್ಕೇ ಅಂದ್ಬುಟ್ನಲ್ಲೋ."