ರಂಜಾನಬಿಯ ಮಾಳಿಗೆಯ ಭಾರ

ಶಿರೂರಿನಲ್ಲಿ ಕೋಳಿ ಕೂಗುವ ಹೊತ್ತಿಗೆ ಮುತ್ತಪ್ಪ ಯಾರದೋ ಮನೆಯ ಮಣ್ಣಿನ ಮಾಳಿಗೆಯ ಮೇಲಿರುತ್ತಾರೆ. ಮಳೆಗಾಲ ಹತ್ತಿರ ಬಂದಿದೆ. ನೀರು ಇಳಿಯಗೊಡದ ಸವುಳು ಮಣ್ಣು ಬುಟ್ಟಿ ಬುಟ್ಟಿ ಏಣಿ ಏರುತ್ತದೆ. ಅದನ್ನು ಹರವಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿಯುತ್ತಾರೆ. ಬೆಳಕಿಂಡಿಯಿಂದ ನಿದ್ದೆಗಣ್ಣಿನ ಬೈಗುಳವೊಂದು ಮೇಲೆ ಬರುತ್ತದೆ.

"ಬೈಲಿ ಬಿಡ್ರಿ. ಸೋರಲಿಲ್ಲಂದ್ರ ನನ್ನ ಯಾರೂ ನೆನಸೂದಿಲ್ಲ. ಸೋರಿದ್ರ ಊರೆಲ್ಲಾ ನೆನಸತೈತಿ," ಎನ್ನುತ್ತಾರೆ ಮುತ್ತಪ್ಪ.

ಮಳೆಗೆ ಮುಂಚಿನ ಎರಡು ತಿಂಗಳಲ್ಲಿ ನಲವತ್ತು ಮಾಳಿಗೆ, ಮಾಳಿಗೆಗೆ ಎರಡು ಬಂಡಿ ಮಣ್ಣು. ಅರ್ಧದಷ್ಟು ಕೆಲಸ ಕೂಲಿಗೆ, ಉಳಿದರ್ಧ ಮುಯ್ಯಾಳಿಗೆ: ನಿನ್ನ ಮಾಳಿಗೆಗೆ ನಾನೊಂದು ದಿನ, ನನ್ನ ಹೊಲಕ್ಕೆ ನೀನೊಂದು ದಿನ. ಮದುವೆಯಲ್ಲಿ ಕೊಡುವ ಉಡುಗೊರೆ, ಆಯೇರಿಗೂ ಇಲ್ಲಿ ಅದೇ ಕಾಯಿದೆ. ಪಡೆದವನು ತೀರಿಸದೆ ಸತ್ತರೆ ಮಗ ತೀರಿಸುತ್ತಾನೆ. ಈ ಕಾಯಿದೆಯಲ್ಲಿ ಮುತ್ತಪ್ಪನಷ್ಟು ಕಟ್ಟುನಿಟ್ಟಿನವರು ಸುತ್ತಲ ಹಳ್ಳಿಗಳಲ್ಲಿ ಇಲ್ಲ. ಅವರ ತೊಂದರೆ ಶುರುವಾದದ್ದೇ ಅಲ್ಲಿಂದ.

೧೯೭೪ರಲ್ಲಿ, ಸವುಳು ನೆಲದವರೆಗೆ ಬಂಡಿ ಹೊಡೆಯುವ ಬೇಸರಕ್ಕೆ, ಕೌದಿ ಹೊಲಿಯುವ ರಂಜಾನಬಿಯ ಮಾಳಿಗೆಗೆ ಅವರು ಹತ್ತಿರದ ಎರೆಮಣ್ಣನ್ನೇ ಹೇರಿದರು. ಎರೆಮಣ್ಣು ಬಿಸಿಲಿಗೆ ಬಿರಿಯಿತು, ಮಳೆ ಕುಡಿಯಿತು, ಒಂದು ಮೂಲೆ ಕುಸಿಯಿತು. ರಂಜಾನಬಿಯ ಎಡಗಾಲು ಮುರಿಯಿತು. ಕಾಲಿಗೆ ಬಿದ್ದ ಮುತ್ತಪ್ಪನಿಗೆ ಆಕೆ, "ಆಗಿದ್ದು ಆತು, ಬಿಟ್ಟೇನಿ ಹೋಗು," ಅಂದರು. ಮುತ್ತಪ್ಪ ಹೋದರು. ಆದರೆ ಪ್ರತಿ ವರ್ಷ ಮಣ್ಣು ಹೊತ್ತು ತಿರುಗಿ ಬಂದರು. ಆಕೆಯ ಹೊಸ್ತಿಲು ತುಳಿಯಲಿಲ್ಲ, ಕೂಲಿ ಮುಟ್ಟಲಿಲ್ಲ.

ಆ ಮೂಲೆ ಕುಸಿದ ಮರುವರ್ಷ, ಊರಿನ ಕ್ರೈಸ್ತ ಸಭೆಯ ಉಪದೇಶಿ ಚಂದಪ್ಪನವರ ಮಾಳಿಗೆ ಬಡಿಯುವಾಗ ಕೆಳಗೆ ಪ್ರಾರ್ಥನೆ ನಡೆದಿತ್ತು. ದೇವರ ಕೃಪೆ ಪುಕ್ಕಟೆ, ಕ್ರಿಸ್ತನು ಎಲ್ಲ ತೀರಿಸಿದ್ದಾನೆ ಎಂಬ ಮಾತು ಬೆಳಕಿಂಡಿಯಿಂದ ಮೇಲೆ ಬಂತು. ಮುತ್ತಪ್ಪ ಕಿಂಡಿಯಲ್ಲಿ ತಲೆ ಹಾಕಿ ಕೇಳಿದರು:

"ಉಪದೇಶಿಗಳ, ಇದರ ಮುಯ್ಯಿ ಯಾವಾಗ ತೀರಸಬೇಕು?"

"ತೀರಸೂದು ಇಲ್ಲೋ ಮುತ್ತಪ್ಪ. ಕೊಟ್ಟದ್ದು ಅದು."

"ತಿರುಗಿ ಕೇಳದಿದ್ರ ಅದು ಕೊಟ್ಟದ್ದಲ್ಲರಿ, ಮರತು ಬಿಟ್ಟು ಹೋಗಿದ್ದು."

ಆದರೂ ಮಾತು ಮನಸ್ಸಿಗೆ ನಾಟಿತ್ತು. ಎರಡು ವರ್ಷಕ್ಕೆ ದೀಕ್ಷಾಸ್ನಾನ ಮಾಡಿಸಿಕೊಂಡರು, ಕೆಲಸಕ್ಕೆ ಹೆಸರು ಹಚ್ಚಿದವರ ಹಾಗೆ. ಅಂದಿನಿಂದ ಸಭೆಯ ಮಾಳಿಗೆಗೆ ಕೂಲಿಯಿಲ್ಲದೆ ಮಣ್ಣು ಹೊತ್ತರು. ಕ್ರಿಸ್ತನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ದಿನ ಮಾತ್ರ ರೊಟ್ಟಿಯ ತಟ್ಟೆ ಬಂದರೆ ಪಕ್ಕದವರಿಗೆ ದಾಟಿಸುತ್ತಿದ್ದರು. "ಉಣ್ಣೂದು ಕೆಲಸ ಮುಗಿದ ಮ್ಯಾಲ. ರಂಜಾನಬಿ ಅಕ್ಕಂದು ಇನ್ನೂ ತೀರಿಲ್ಲ, ದೇವರದು ಹೆಂಗ ತೀರತೈತಿ?" ಚಂದಪ್ಪ ಈಗಲೂ ನಗುತ್ತಾರೆ: "ಎಷ್ಟು ಪ್ರಸಂಗ ಮಾಡಿದೆ. ಎಲ್ಲಾ ಕೇಳತಿದ್ದ, ತಲಿ ಆಡಸತಿದ್ದ, ತಟ್ಟಿ ದಾಟಸತಿದ್ದ."

ಕಳೆದ ವರ್ಷ, ೧೯೮೩ರ ಬೇಸಿಗೆಯಲ್ಲಿ, ಬಂಡಿ ಬಂದು ನಿಂತಾಗ ರಂಜಾನಬಿ ಬಾಗಿಲಲ್ಲೇ ಕೂತಿದ್ದರು.

"ಒಳಗ ಬಾ."

"ಮಣ್ಣು ಹಾಕಿ ಹೋಗ್ತೇನಿ ಅಕ್ಕಾ."

"ಮಣ್ಣಿನ ಸಲವಾಗೇ ಕರದೇನಿ. ಬಾ."

ಒಳಗೆ ನಡುಮನೆಯಲ್ಲಿ ಹೊಸ ಕಂಬವೊಂದು ನಿಂತಿತ್ತು. ಅದರ ಮೇಲಿನ ತೊಲೆ ಬಿಲ್ಲಿನ ಹಾಗೆ ಬಾಗಿತ್ತು. ಹಳೆಯ ಮಣ್ಣು ಕೆರೆದು ಹೊಸದು ಹಾಕುವುದು ಈ ಕಸುಬಿನ ಪದ್ಧತಿ. ಆದರೆ ಆಕೆಯ ಮನೆಯಿಂದ ಏನನ್ನೂ ತೆಗೆಯಲು ಮುತ್ತಪ್ಪನಿಗೆ ಮನಸ್ಸಾಗಿರಲಿಲ್ಲ, ಹಾಕುತ್ತಲೇ ಹೋಗಿದ್ದರು.

"ಕಂಬ ಇಳಕಲ್ಲಿನಿಂದ ನನ್ನ ತಮ್ಮ ಅಹ್ಮದಸಾಬ ಬಂದು ನಿಲ್ಲಿಸ್ಯಾನ," ಅಂದರು ರಂಜಾನಬಿ. "ತೊಲಿ ನೀ ಬಗ್ಗಿಸಿದ್ದು. ಕಾಲು ಮುರದಾಗನ ನಾ ನಿನ್ನ ಬಿಟ್ಟೇನಿ. ನೀ ನನ್ನ ಬಿಡವೊಲ್ಲಿ. ಇನ್ನೊಂದು ಬುಟ್ಟಿ ಹಾಕಿದಿ ಅಂದ್ರ ಇನ್ನೊಂದು ಕಾಲೂ ಮುರೀತೈತಿ."

"ಒಂಬತ್ತು ವರ್ಷ ಮ್ಯಾಲಿಂದನ ನೋಡಿದ್ದೆ ರೀ," ಎನ್ನುತ್ತಾರೆ ಮುತ್ತಪ್ಪ. "ಕೆಳಗ ನಿಂತು ನೋಡಿರಲಿಲ್ಲ."

ಬಂಡಿಯ ಮಣ್ಣು ಬಂಡಿಯಲ್ಲೇ ಉಳಿಯಿತು. ಸಲಿಕೆ ಹಿಡಿದು ಮೇಲೇರಿದವರು ಎರಡು ದಿನ ತಾವೇ ಹಾಕಿದ್ದನ್ನು ಕೆರೆದು ಇಳಿಸಿದರು. "ಹಾಕೂದು ಹಗುರ ರೀ. ಇಳಸೂದು ಭಾಳ ತ್ರಾಸು. ಪ್ರತಿ ಬುಟ್ಟಿಗೂ, ಇದನ್ನರ ಇರಲಿ ಬಿಡು ಅನಸ್ತಿತ್ತು. ಹಟ ಹಿಡದು ಇಳಿಸಿದೆ." ಎರಡನೆಯ ದಿನ ಮಧ್ಯಾಹ್ನ ರಂಜಾನಬಿ ಊಟಕ್ಕೆ ಕರೆದರು. ಒಳಗೆ ಹೋಗಿ ಉಂಡರು.

ಮುಂದಿನ ಭಾನುವಾರ ತಟ್ಟೆ ಬಂದಾಗ ಪಕ್ಕದವರು ರೂಢಿಯಂತೆ ಕೈ ಚಾಚಿದರು. ಈ ಸಲ ಅವರು ಕಾಯಬೇಕಾಯಿತು.

"ಸಣ್ಣ ಚೂರು ರೀ ಅದು, ಹಲ್ಲಿಗೂ ಸಿಗಾಕಿಲ್ಲ. ಆದ್ರ ತೀರಸ್ತೇನಿ ಅನ್ನಲಾರದ ನುಂಗಿದೆ. ಕಷ್ಟ ಆತು. ನುಂಗಿದೆ."

ಎಲ್ಲ ತೀರಿದ ಮೇಲೆ ಈಗಲೂ ಯಾಕೆ ಸಭೆಯ ಮಾಳಿಗೆಗೆ ಕೂಲಿಯಿಲ್ಲದೆ ಮಣ್ಣು ಹೊರುತ್ತೀರಿ ಎಂದು ಕೇಳಿದರೆ, ಕೇಳಿದವರ ಬುದ್ಧಿಯ ಬಗ್ಗೆಯೇ ಅವರಿಗೆ ಅನುಮಾನ ಬರುತ್ತದೆ.

"ಮಳಿ ಬರ್ತೈತಲ್ರಿ," ಎನ್ನುತ್ತಾರೆ. ಆಮೇಲೆ, ಹಲಗೆಯ ಮಣ್ಣು ಒರೆಸುತ್ತ: "ಮೊನ್ನೆ ಅಕ್ಕನ ಮಾಳಿಗಿ ಮುಗಿಸಿದೆ. ಎಷ್ಟು ಬೇಕೋ ಅಷ್ಟ ಹಾಕೇನಿ. ಒಂದು ಬುಟ್ಟಿ ಹೆಚ್ಚಿಲ್ಲ."