ಉಪ್ಪುನೀರಿಗೆ ಆರಿಸಿಕೊಟ್ಟ ರೀಲು

ಮೊನ್ನೆ ಚನ್ನಗಿರಿಯಲ್ಲಿ ತಂಗಿಯ ಮೊಮ್ಮಗಳ ನಾಮಕರಣ ಮುಗಿಸಿಕೊಂಡು ಹೊನ್ನಾಳಿಯ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ಎಲ್ಲಿಗೆ ಹೊರಟರೂ ನಲವತ್ತು ನಿಮಿಷ ಮೊದಲೇ ಹೋಗಿ ನಿಲ್ಲುವುದು ನನ್ನ ಪದ್ಧತಿ. ನಿಲ್ದಾಣದ ಎದುರಿಗೆ ಹಗ್ಗ, ಬಲೆ, ಟಾರ್ಪಾಲು ಮಾರುವ ಅಂಗಡಿ. ಅಲ್ಲಿ ದನದ ಮೂಗುದಾರಗಳ ಪಕ್ಕದಲ್ಲಿ ಮೀನಿನ ಗಾಳದ ದಾರ ಸುತ್ತುವ ಪುಟ್ಟ ಸ್ಪಿನ್ನಿಂಗ್ ರೀಲೊಂದು ತೂಗುತ್ತಿತ್ತು. ಬಂಗಾರದ ಬಣ್ಣ. ಸುಮ್ಮನೆ ಹಿಡಿ ತಿರುಗಿಸಿದೆ. ಸರ್ರನೆ ತಿರುಗಿತು, ಹೊಸ ಗ್ರೀಸಿನ ವಾಸನೆ ಬಂತು. ಆ ವಾಸನೆಗೆ ನನ್ನ ಮುಖ ಬಿಸಿಯಾಯಿತು. ಯಾಕೆಂದು ಹೇಳುತ್ತೇನೆ, ಬಸ್ಸು ಬರುವವರೆಗೆ ನಿಮಗೂ ಬೇರೆ ಕೆಲಸವಿಲ್ಲ ಎಂದುಕೊಳ್ಳಿ.

ನಾನು ಹುಟ್ಟಿದ್ದು ಜಗಳೂರಿನಲ್ಲಿ. ನಮ್ಮ ಬಾಲ್ಯದಲ್ಲಿ ಅಲ್ಲಿ ಮೀನೆಂದರೆ ಪಾಠಪುಸ್ತಕದ ಚಿತ್ರ. ಹೊನ್ನಾಳಿಯ ಬಸ್ ನಿಲ್ದಾಣಕ್ಕೆ ಕಂಟ್ರೋಲರ್ ಆಗಿ ಬಂದಾಗ ತುಂಗಭದ್ರೆಯನ್ನು ನೋಡಿ ಮೊದಲು ಅನಿಸಿದ್ದು, ಇಷ್ಟು ನೀರಿಗೆ ಒಬ್ಬರೂ ಕೊಡ ಹಿಡಿದು ಸರತಿ ನಿಂತಿಲ್ಲವಲ್ಲ ಎಂದು. ಅಂಥವನಿಗೆ ಗಾಳ ಹಾಕುವುದನ್ನು ಕಲಿಸಿದವರು ನ್ಯಾಮತಿಯ ದಸ್ತಗೀರ್ ಸಾಬರು. ವಾಚು ರಿಪೇರಿ ಅವರ ಕಸುಬು. ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ, ಅಷ್ಟೇ ಅವರ ಅಂಗಡಿ. ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬರುತ್ತಿದ್ದರು. ಆರರಿಂದ ಒಂಬತ್ತರವರೆಗೆ ನಾವಿಬ್ಬರೂ ಹೊಳೆಯ ದಂಡೆಯಲ್ಲಿ. ಒಂಬತ್ತಾಯಿತೆಂದರೆ ಮೀನು ಕಚ್ಚುತ್ತಿದ್ದರೂ ನಾನು ಗಾಳ ಎತ್ತುತ್ತಿದ್ದೆ.

“ಸಾಹೇಬ್ರೆ, ಮೀನು ನಿಮ್ಮ ಬಸ್ಸಲ್ರಿ. ಅದಕ್ಕೆ ಟೈಮು ಗೊತ್ತಿಲ್ಲ,” ಎನ್ನುತ್ತಿದ್ದರು.

“ನಮಗೆ ಗೊತ್ತೈತಲ್ಲ, ಸಾಕು,” ಎನ್ನುತ್ತಿದ್ದೆ.

ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ನನಗೆ ನಿವೃತ್ತಿಯಾಯಿತು, ಭಾನುವಾರಕ್ಕೆ ಆಗಲಿಲ್ಲ. ಆಮೇಲೆ ಅವರ ಮಗಳನ್ನು ಹೊನ್ನಾವರಕ್ಕೆ ಕೊಟ್ಟರು. ಮಗಳ ಮನೆಗೆಂದು ಹೋದವರು ಸಮುದ್ರ ನೋಡಿ ಬಂದರು. ಸಮುದ್ರವನ್ನಷ್ಟೇ ನೋಡಿ ಬಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅಲ್ಲಿ ನಾರಾಯಣ ಅಂಬಿಗ ಎಂಬ ಮೀನುಗಾರನೊಬ್ಬ ಸಿಕ್ಕಿದ್ದ. ಆಮೇಲೆ ಭಾನುವಾರಗಳಲ್ಲಿ ಸಾಬರ ಬಾಯಲ್ಲಿ ಅವನದೇ ಮಾತು.

“ನಾರಾಯಣ ಬಂಡೆ ಮ್ಯಾಲೆ ನಿಂತು ದಾರ ಬೀಸಿದ್ರೆ, ಅಬ್ಬಬ್ಬಾ, ಆ ಕಡೆ ಅಲೆ ದಾಟಿ ಬೀಳತೈತ್ರಿ.” “ನಾರಾಯಣ ನೀರಿನ ಬಣ್ಣ ನೋಡಿ ಮೀನಿನ ಜಾತಿ ಹೇಳ್ತಾನ್ರಿ.” ಒಂದು ಭಾನುವಾರ ಲೆಕ್ಕ ಹಾಕಿದೆ. ಮೂರು ಗಂಟೆಯಲ್ಲಿ ನಾರಾಯಣನ ಹೆಸರು ಹನ್ನೊಂದು ಸಲ ಬಂತು, ನನ್ನದು ಒಂದು ಸಲ, ಅದೂ “ಸಾಹೇಬ್ರೆ, ಸ್ವಲ್ಪ ಜರುಗ್ರಿ” ಎನ್ನಲು.

ಹೊಟ್ಟೆಕಿಚ್ಚು ಎಂಬುದು ಹರೆಯದ ಕಾಯಿಲೆ ಎಂದುಕೊಂಡಿದ್ದೆ. ಸುಳ್ಳು. ಹರೆಯದಲ್ಲಿ ಅದಕ್ಕೆ ಕೆಲಸದ ನಡುವೆ ಬಿಡುವು ಸಿಗುವುದಿಲ್ಲ, ಅಷ್ಟೇ. ನಿವೃತ್ತನಿಗೆ ಅದನ್ನು ಮೂರು ಹೊತ್ತು ಮೇಯಿಸಲು ಪುರುಸೊತ್ತಿರುತ್ತದೆ. ನಾನು ಊಟದಲ್ಲಿ, ನಡೆದಾಟದಲ್ಲಿ, ಹಲ್ಲುಜ್ಜುವಾಗ ಆ ಕಾಣದ ನಾರಾಯಣನೊಡನೆ ವಾದ ಮಾಡುತ್ತಿದ್ದೆ. ಒಂದು ದಿನ ತಟ್ಟೆ ಮುಂದೆ ಕೂತು, “ಅಲೆ ದಾಟಿ ಬೀಳತೈತಂತೆ!” ಎಂದು ಬಾಯಿಬಿಟ್ಟೇ ಅಂದುಬಿಟ್ಟೆ.

ನನ್ನ ಹೆಂಡತಿ ಸಾರಿನ ಸೌಟು ಹಿಡಿದು ನಿಂತಳು. “ಸವತಿ ಬಂದಂಗೆ ಆಡ್ತೀರಲ್ರಿ! ಆ ಸಾಬ್ರೇನು ನಿಮ್ಮನ್ನ ತಾಳಿ ಕಟ್ಟಿ ತಂದಿದ್ರಾ?”

ನಾನು ಸಾರು ಬೇಡವೆಂದೆ.

ಹೀಗಿರುವಾಗ ಕಳೆದ ವರ್ಷ ಬೇಸಿಗೆಗೆ ದಸ್ತಗೀರ್ ಸಾಬರು ಒಂದು ಕೆಲಸ ಒಪ್ಪಿಸಿದರು. “ನಾರಾಯಣ ಇನ್ನೂ ಬರಿಗೈಲಿ ತಂಗೂಸಿ, ಅದೇ ನೈಲಾನ್ ದಾರ, ಬೀಸ್ತಾನ್ರಿ. ಬೆರಳೆಲ್ಲ ಗೀರು. ಅವನಿಗೊಂದು ಸಣ್ಣ ರೀಲು ಕೊಡೋಣ ಅಂತ ಐತೆ. ಭಾಳ ದುಬಾರಿದು ಬ್ಯಾಡ, ಆದ್ರೆ ಉಪ್ಪುನೀರು ತಡೀಬೇಕು. ನಾನು ಅಂಗಡಿ ಬಿಟ್ಟು ಹೋಗಾಕೆ ಆಗಲ್ಲ. ನೀವು ವಿಚಾರಿಸಿ ತಗಂಡ್ರೆ ನನಗೆ ಎರಡನೇ ಮಾತಿಲ್ಲ.”

ಎರಡನೇ ಮಾತಿಲ್ಲ. ಆ ನಂಬಿಕೆಯನ್ನು ಜೇಬಿನಲ್ಲಿಟ್ಟುಕೊಂಡು ನಾನು ಶಿವಮೊಗ್ಗಕ್ಕೆ ಹೋದೆ. ಅದಕ್ಕೂ ಮೊದಲು ಒಂದು ವಾರ ಓದಿ, ನಾಲ್ಕು ಜನರನ್ನು ಕೇಳಿ, ಪುಸ್ತಕದಲ್ಲಿ ಟಿಪ್ಪಣಿ ಮಾಡಿಕೊಂಡಿದ್ದೆ. ಏನು ನೋಡಬೇಕು ಎಂಬುದು ನನಗೆ ಬಾಯಿಪಾಠವಾಗಿತ್ತು. ಅಂಗಡಿಯವನು ಹೆಚ್ಚುಕಮ್ಮಿ ಒಂದೇ ಬೆಲೆಯ ಎರಡು ರೀಲುಗಳನ್ನು ಮುಂದಿಟ್ಟ. ಒಂದು ಬಂಗಾರದ ಬಣ್ಣದ್ದು, ಒಳಗೆ ಹತ್ತು ಬೇರಿಂಗು, ಬೆಣ್ಣೆಯಂತೆ ತಿರುಗುತ್ತಿತ್ತು. ಇನ್ನೊಂದು ಮಸಿ ಬಳಿದ ಹಾಗಿನ ಕಪ್ಪು. ಬೇರಿಂಗು ಐದೇ, ಆದರೆ ಐದಕ್ಕೂ ಮುಚ್ಚಳವಿತ್ತು. ತುಕ್ಕು ಹಿಡಿಯದ ಮೈ. ಮೀನು ಜಗ್ಗಿದಾಗ ದಾರವನ್ನು ಬಿಗಿಯಾಗಿಯೇ ಬಿಟ್ಟುಕೊಡುವ ಬಿರಡೆಯ ಒಳಕ್ಕೆ ನೀರು ಇಳಿಯದ ಹಾಗೆ ರಬ್ಬರಿನ ಬಳೆ.

“ಸಮುದ್ರಕ್ಕಾದ್ರೆ ಕಪ್ಪುದು ಸರ್,” ಎಂದ ಅಂಗಡಿಯವನು. “ಬಂಗಾರದ್ದು ನೋಡಾಕೆ ಚೆಂದ. ಕೆರೆಗೆ ನಡೀತೈತೆ.”

“ಬಂಗಾರದ್ದೇ ಕಟ್ರಿ,” ಎಂದೆ.

ಕೋಪದಲ್ಲಿ ಮಾಡಿದ ತಪ್ಪಲ್ಲ ಅದು. ವೇಳಾಪಟ್ಟಿಗೆ ಸಹಿ ಹಾಕುವಷ್ಟು ಸಮಾಧಾನದಿಂದ ಮಾಡಿದ್ದು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಾನು ಎಲ್ಲದಕ್ಕೂ ಸೂಚನೆ ಬರೆದು ಅಂಟಿಸುವವನು. ನಮ್ಮ ಮನೆಯ ಮಿಕ್ಸಿಯ ಮೇಲೆ, ನೀರಿನ ಮೋಟರಿನ ಮೇಲೆ, ಛತ್ರಿಯ ಹಿಡಿಯ ಮೇಲೂ ನನ್ನ ಅಕ್ಷರದ ಚೀಟಿಗಳಿವೆ. ಸಮುದ್ರದಿಂದ ಬಂದ ದಿನವೇ ರೀಲಿನ ಮೇಲೆ ಸಿಹಿನೀರು ಹರಿಸಿ, ಒರೆಸಿ, ನೆರಳಲ್ಲಿ ಒಣಗಿಸಿ, ಒಂದು ಹನಿ ಎಣ್ಣೆ ಬಿಡಬೇಕೆಂದು ನನಗೆ ಗೊತ್ತಿತ್ತು. ಆ ರೀಲಿಗೆ ಮಾತ್ರ ಚೀಟಿ ಬರೆಯಲಿಲ್ಲ.

ದಸ್ತಗೀರ್ ಸಾಬರು ಅದನ್ನು ಬೆಳಕಿಗೆ ಹಿಡಿದು, “ಮದುಮಗನಂಗೆ ಐತಲ್ರಿ!” ಎಂದು ಸಂಭ್ರಮಪಟ್ಟರು. ನಾನೂ ನಕ್ಕೆ.

ಮಳೆಗಾಲ ಮುಗಿದ ಮೇಲೆ ಒಂದು ಬುಧವಾರ ಅವರ ಫೋನು ಬಂತು, “ಅಂಗಡಿಗೆ ಬರ್ರಿ” ಎಂದು. ನ್ಯಾಮತಿಗೆ ಹೋದೆ. ಮೇಜಿನ ಮೇಲೆ ಬಟ್ಟೆ ಹಾಸಿ ಅದೇ ರೀಲನ್ನು ಬಿಚ್ಚಿ ಹರವಿದ್ದರು. ಬಂಗಾರದ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಬೇರಿಂಗುಗಳು ತುಕ್ಕು ಹಿಡಿದು ಕಂದು ಗುಂಡುಗಳಾಗಿದ್ದವು.

“ದೊಡ್ಡ ಮೀನೊಂದು ಸಿಕ್ಕಿತ್ತಂತ್ರಿ,” ಎಂದರು ಭೂತಗನ್ನಡಿಯಲ್ಲೇ ಕಣ್ಣಿಟ್ಟು. “ರೀಲಿನ ಹಿಡಿ ಕಚ್ಚಿಕೊಂಡು ನಿಂತುಬಿಡ್ತು. ಬಿರಡೆನೂ ದಾರ ಬಿಡಲಿಲ್ಲ. ಹಳೇ ರೂಢಿ ನೋಡ್ರಿ, ಪಾಪ ಕೈಯಾಗೇ ದಾರ ಹಿಡದಾನೆ. ಎರಡು ಬೆರಳು ಕೊಯ್ದು ಹೊಲಿಗಿ ಹಾಕ್ಯಾರೆ. ಹದಿನೈದು ದಿನ ದೋಣಿ ಇಲ್ಲ, ಬಲೆ ಇಲ್ಲ. ಆದ್ರೂ ಏನಂತಾನೆ ಗೊತ್ತೇನ್ರಿ? ರೀಲು ಒಳ್ಳೇದೇ ಭಾಯಿ, ನಂಗೆ ಬಳಸೂಕೆ ಬರಲಿಲ್ಲ ಅಂತಾನೆ. ತಪ್ಪು ನಂದ್ರಿ. ವಾಚಿನೋನಾಗಿ ನಾನಾದ್ರೂ ಒಳಗೆ ಬಿಚ್ಚಿ ನೋಡಿ ಕೊಡಬೇಕಿತ್ತು.”

ಅವರು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡಿದ್ದನ್ನು ತಾಳಲಾಗಲಿಲ್ಲ. “ತಪ್ಪು ನಿಮ್ಮದಲ್ಲ,” ಎಂದೆ. “ಇದು ಸಮುದ್ರಕ್ಕೆ ಆಗಲ್ಲ ಅಂತ ಗೊತ್ತಿತ್ತು. ಅಂಗಡಿಯವನೂ ಹೇಳಿದ್ದ. ಗೊತ್ತಿದ್ದೇ ತಂದೆ.”

ಅವರು ಭೂತಗನ್ನಡಿ ತೆಗೆದರು. ಕಣ್ಣ ಸುತ್ತ ಅದರ ಗುಂಡು ಗುರುತು ಕೆಂಪಗೆ ಉಳಿದಿತ್ತು. “ಯಾಕ್ರೀ?”

“ನೀವು ಅವನ ಹೆಸರು ಭಾಳ ಹೇಳ್ತಿದ್ರಿ.”

ಅಷ್ಟರಲ್ಲಿ ಯಾರೋ ಹೆಂಗಸು ಗೋಡೆ ಗಡಿಯಾರ ತಂದರು. ಅದಕ್ಕೆ ಸೆಲ್ಲು ಹಾಕಿ, ಮುಳ್ಳು ತಿರುಗಿಸಿ, ಆಕೆ ಹೋಗುವವರೆಗೂ ದಸ್ತಗೀರ್ ಸಾಬರು ನನ್ನ ಕಡೆ ನೋಡಲಿಲ್ಲ. ಆಮೇಲೆ ರೀಲಿನ ತುಂಡುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಾ ನಿಧಾನವಾಗಿ ಹೇಳಿದರು: “ಈ ಊರಾಗೆ ಗಡಿಯಾರ ಸರಿ ಮಾಡಿಸಿಕೊಂಡೋರು ಟೈಮು ಯಾವುದಕ್ಕೆ ಕೂಡಿಸಲಿ ಅಂತ ಕೇಳಿದ್ರೆ, ಹೊನ್ನಾಳಿ ಕಂಟ್ರೋಲರ್ ಬಿಟ್ಟ ಬಸ್ಸಿಗೆ ಕೂಡಿಸ್ರಿ ಅಂತಿದ್ದೆ ನಾನು. ಹೋಗಿ ಬರ್ರಿ ಸಾಹೇಬ್ರೆ.”

ಆ ಭಾನುವಾರ ಅವರು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ನಾನು ಆರಕ್ಕೆ ಹೋಗಿ ನಿಲ್ಲುತ್ತಿದ್ದೆ. ಮೊದಲ ಬಸ್ಸಿನಿಂದ ಹಾಲಿನ ಕ್ಯಾನುಗಳು ಇಳಿಯುತ್ತಿದ್ದವು. ಒಬ್ಬನೇ ಗಾಳ ಹಾಕಿ ಕೂತೆ. ಮೀನು ಸಿಕ್ಕಿತು, “ನೋಡ್ರಿ” ಎನ್ನಲು ಪಕ್ಕದಲ್ಲಿ ಜನವಿರಲಿಲ್ಲ. ನಾರಾಯಣನ ಹೆಸರನ್ನಾದರೂ ಹೇಳಲಿ, ನೂರು ಸಲ ಹೇಳಲಿ ಅನಿಸಿತು.

ಮೂರನೇ ವಾರ ಶಿವಮೊಗ್ಗದಿಂದ ಕಪ್ಪು ರೀಲು ತಂದೆ. ನಡೆದದ್ದನ್ನು ಒಂದು ಕಾಗದದಲ್ಲಿ ಬರೆದೆ, ತೊಳೆಯುವ ಕ್ರಮವನ್ನು ಇನ್ನೊಂದರಲ್ಲಿ. ಎರಡನ್ನೂ ರೀಲಿನ ಜೊತೆ ಕಟ್ಟಿ, ನಾರಾಯಣನಿಗೆ ಮುಟ್ಟಿಸಲು ಹೊನ್ನಾವರದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಎರಡು ದಿನಕ್ಕೆ ನಾರಾಯಣನ ಫೋನು ಬಂತು. ಅದುವರೆಗೆ ನಾನು ಅವನ ದನಿಯನ್ನೇ ಕೇಳಿರಲಿಲ್ಲ. ದಪ್ಪ ಗಂಟಲಿನವನೆಂದು ಯಾಕೋ ಕಲ್ಪಿಸಿಕೊಂಡಿದ್ದೆ. ಸಣ್ಣ, ಸಂಕೋಚದ ದನಿ.

“ಸಿಟ್ಟು ಬಂತು, ಸುಳ್ಳು ಹೇಳೂದಿಲ್ಲ,” ಎಂದ. “ಬೆರಳು ಇನ್ನೂ ಪೂರ್ತಿ ಮಡಚೂದಿಲ್ಲ. ಕಾಗದ ಮತ್ತೆ ಓದ್ದೆ. ಮೂರು ದಿನದಿಂದ ದಸ್ತಗೀರ್ ಭಾಯಿ ಇಲ್ಲೇ ಬಂಡೆ ಮೇಲೆ ಕೂತಿದ್ರು, ಬಾಯೇ ಬಿಡೂದಿಲ್ಲ. ನೀವಿಬ್ರೂ ಸೇರಿ ನನ್ನ ಮೀನನ್ನೂ ಓಡಿಸ್ತ್ರಿ ಮಾರಾಯ್ರೆ.”

ಅದಾಗಿ ಈಗ ಎರಡು ತಿಂಗಳು. ದಸ್ತಗೀರ್ ಸಾಬರಿಂದ ಸುದ್ದಿಯಿಲ್ಲ; ನಾನೂ ಫೋನು ಮಾಡುವ ಧೈರ್ಯ ಮಾಡಿರಲಿಲ್ಲ.

“ಏನ್ ಅಜ್ಜಾರೆ, ಕಟ್ಲೇನು?” ಎಂದ ಚನ್ನಗಿರಿಯ ಅಂಗಡಿಯವನು. “ಕೆರೆಗೂ ಆಗತೈತೆ, ಸಮುದ್ರಕ್ಕೂ ಆಗತೈತೆ.”

ರೀಲನ್ನು ಕೊಕ್ಕೆಗೆ ಸಿಕ್ಕಿಸಿ ಹೊರಗೆ ಬಂದು ನ್ಯಾಮತಿಗೆ ಫೋನು ಹಚ್ಚಿದೆ. ಎತ್ತಿದರು. ಹಿಂದೆ ಗಡಿಯಾರಗಳ ಟಿಕ್‌ಟಿಕ್ ಕೇಳುತ್ತಿತ್ತು.

“ದಸ್ತಗೀರ್ ಸಾಬ್ರೆ, ನನಗೊಂದು ರೀಲು ಬೇಕು. ಸಮುದ್ರಕ್ಕೆ. ನೀವು ಆರಿಸಿ ಕೊಡ್ರಿ.”

“ನಾನು ಯಾವುದು ತಂದ್ರೂ ತಗಂತೀರಾ?”

“ತಗಂತೀನಿ.”

“ಬಿಚ್ಚಿ ನೋಡಂಗಿಲ್ಲ.”

“ನೋಡಲ್ಲ.”

“ಅಂಗಡಿಯವನನ್ನ ಕೇಳಂಗಿಲ್ಲ.”

“ಇಲ್ಲ.”

“ಹಂಗಾದ್ರೆ ನೋಡ್ತೀನಿ,” ಎಂದು ಫೋನಿಟ್ಟರು.

ಅವರು ಎಂಥದ್ದು ತರುತ್ತಾರೋ ನನಗೆ ಗೊತ್ತಿಲ್ಲ. ತುಕ್ಕು ಹಿಡಿಯುವುದನ್ನೇ ತಂದರೂ ಅದೇ ರೀಲಿನಲ್ಲಿ ದಾರ ಬೀಸುತ್ತೇನೆ.